ದೋಸ್ತ, ಆ್ಯಪ್ ಆಮೇಲೆ, ಮೊದಲು ದೇವದುರ್ಗಕ್ಕೆ ಬಾ

ಪ್ರೀತಿಯ ದೋಸ್ತ,

ನೀನು ಕಳಿಸಿದ ಆ್ಯಪ್‌ನ ಚಿತ್ರಗಳನ್ನು ನೋಡಿದೆ. ಚೆನ್ನಾಗಿವೆ. ಬಸುರಿ ಹೆಂಗಸರಿಗೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಕಬ್ಬಿಣದ ಮಾತ್ರೆ ತಗೊಳ್ಳಿ ಎಂದು ಫೋನ್ ನೆನಪಿಸುತ್ತದೆ, ಅಲ್ವಾ? ಆದರೆ ಒಂಬತ್ತಕ್ಕೆ ನಮ್ಮ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆ ಹೆಣ್ಣುಮಕ್ಕಳು ಹತ್ತಿ ಹೊಲದಲ್ಲಿರುತ್ತಾರೆ. ಮನೆಗಿರುವ ಒಂದೇ ಸ್ಮಾರ್ಟ್‌ಫೋನು ಗಂಡನ ಜೇಬಿನಲ್ಲಿ. ಮಾತ್ರೆ ಗೋಡೆಯ ಮಾಡದಲ್ಲಿ.

ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಎಂಬ ಮಾತು ಮೀಟಿಂಗುಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ. ಅಷ್ಟೂ ಜನಕ್ಕೆ ತಿಳಿವಳಿಕೆ ಇಲ್ಲ ಅಂತೀಯಾ? ರಕ್ತಹೀನತೆ ತಡೆಯುವ ಈ ಮಾತ್ರೆಯೇನೋ ಬಸುರಿಯರಿಗೆ ಪುಕ್ಕಟೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180, ಹೆರಿಗೆಯಾದ ಮೇಲೆ ಮತ್ತೆ 180. ಊರಿನ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ತಂದು ಕೊಡುತ್ತಾಳೆ. ಆದರೂ ಮಾತ್ರೆ ಉಳಿಯುತ್ತದೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ, "ತಗೋತೀವ್ರಿ". ಕೇಳಲು ಬಂದವರಿಗೆ ಏನು ಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಅದಕ್ಕೇ ಪ್ರಶ್ನೆ ಕೇಳುವುದನ್ನೇ ಬಿಟ್ಟೆವು. ರಾತ್ರಿ ಊಟ ಆದಮೇಲೆ ಗುಡಿಯ ಮುಂದೆ ಸೇರಿ, ಕೈಗೆ ರಂಗೋಲಿ ಪುಡಿ ಕೊಟ್ಟು, ನಿಮ್ಮದೊಂದು ದಿನ ಹೆಂಗಿರುತ್ತದೆ, ನೆಲದ ಮೇಲೆ ಬರೀರಿ ಅಂದೆವು. ಸ್ವಲ್ಪ ಹೊತ್ತು ನಾಚಿಕೆ, ನಗು. ಆಮೇಲೆ ಒಬ್ಬಳು ಉದ್ದಕ್ಕೊಂದು ಗೆರೆ ಎಳೆದಳು. ನಸುಕಿನಲ್ಲಿ ನೀರು ತರುವುದು, ರೊಟ್ಟಿ ಬಡಿಯುವುದು, ಚಹಾ, ಹೊಲಕ್ಕೆ ಒಯ್ಯುವ ಟಂಟಂ ಗಾಡಿ, ಹತ್ತಿ ಬಿಡಿಸುವುದು, ಕತ್ತಲಾದ ಮೇಲೆ ಮನೆ. ಮಾತ್ರೆ ನುಂಗುವ ಹೊತ್ತಿಗೆ ಹುಣಸೆ ಬೀಜ ಇಡಿ ಅಂದಾಗ ಬಹಳ ಮಂದಿ ಇಟ್ಟಿದ್ದು ಚಹಾದ ಪಕ್ಕದಲ್ಲಿ. ಖಾಲಿ ಹೊಟ್ಟೆಗೆ ಚಹಾ, ಮೇಲೊಂದು ಮಾತ್ರೆ, ಆಮೇಲೆ ಟಂಟಂ ಕುಲುಕಾಟ. ವಾಕರಿಕೆ ಬರದೆ ಇರುತ್ತದಾ? ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ ಬೇರೆ. ಒಬ್ಬ ಬಾಣಂತಿ ಇನ್ನೊಂದು ಹೇಳಿದಳು: ಹೊಲದಲ್ಲಿ ಮರೆಗೆ ಹೋಗಲು ಜಾಗವಿಲ್ಲ, ಅಂಥಲ್ಲಿ ಹೊಟ್ಟೆ ಕೆಡಿಸುವ ಗುಳಿಗೆ ಯಾರು ನುಂಗುತ್ತಾರೆ? ನಮ್ಮ ಫಾರಂನಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಅತ್ತೆಯಂದಿರೂ ಬಂದಿದ್ದು ಒಳ್ಳೆಯದಾಯಿತು. "ಗುಳಿಗಿ ತಿಂದ್ರ ಕೂಸು ದಪ್ಪ ಆಗ್ತದ, ಹೆರಿಗಿಗೆ ತ್ರಾಸ್ ಆಗ್ತದ" ಎಂದು ಒಬ್ಬಾಕೆ ಖಡಾಖಂಡಿತ ಹೇಳಿದಳು. ಅವಳ ಜೊತೆ ವಾದಕ್ಕಿಳಿದಿದ್ದು ನಾನೂ ಅಲ್ಲ, ನರ್ಸಮ್ಮನೂ ಅಲ್ಲ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಅತ್ತೆ, ತನ್ನ ಸೊಸೆಗೆ ಹೆರಿಗೆಯಲ್ಲಿ ರಕ್ತ ಹೋದ ಕತೆ ತೆಗೆದಳು. ಕೊನೆಗೆ ಅವರವರೇ ಮಾತಾಡಿಕೊಂಡು ರಾತ್ರಿ ಊಟದ ಮೇಲೆ ನುಂಗುವುದು, ಅತ್ತೆಯೇ ಕೈಗೆ ಕೊಡುವುದು ಅಂತ ಮಾಡಿದರು. ಕೂಲಿಗೆಂದು ಬೆಂಗಳೂರಿಗೆ ಗುಳೆ ಹೋಗುವವರು ಅಷ್ಟೂ ತಿಂಗಳ ಮಾತ್ರೆ ಒಮ್ಮೆಗೇ ಕೊಡಿ ಎಂದರು. ಬಸುರಿಯರ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಹಾಕಿಡಲು ಒಂದು ಪ್ಲಾಸ್ಟಿಕ್ ಕವರೂ ಬೇಕಂತೆ. ಅಲ್ಲಿ ಅವರಿರುವ ಶೆಡ್‌ಗಳಲ್ಲಿ ಮಳೆ ನೀರು ಒಳಗೇ ಬರುತ್ತದಲ್ಲ.

ಎಲ್ಲರೂ ಈಗ ತಪ್ಪದೆ ನುಂಗುತ್ತಾರೆ ಅಂತ ನಾನು ಹೇಳುವುದಿಲ್ಲ. ರಾತ್ರಿ ತಿಂದರೂ ಕೆಲವರಿಗೆ ವಾಂತಿ ಆಗುತ್ತದೆ. ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು, ಅದಕ್ಕೆ ಬೇರೆ ದಾರಿ ಇಲ್ಲ.

ಬಳಸುವವರ ಬದುಕು ನೋಡಿ ಮಾಡಿದ ವಸ್ತು ಅಂದರೆ ಜೈಪುರ ಕಾಲು ಎಂಬ ಕೃತಕ ಕಾಲು, ಅದರ ವಿಷಯ ನಿನಗೆ ಗೊತ್ತೇ ಇರುತ್ತದೆ. 1968ರ ಹೊತ್ತಿಗೆ ಡಾಕ್ಟರ್ ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಮಾಡಿದ್ದು. ವಿದೇಶಿ ಕೃತಕ ಕಾಲಿಗೆ ಬೂಟು ಬೇಕಿತ್ತು. ನಮ್ಮ ಜನಕ್ಕೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಕುಕ್ಕರುಗಾಲಲ್ಲಿ ಕೂರಬೇಕು, ಬರಿಗಾಲಲ್ಲಿ ನಡೆಯಬೇಕು. ಆ ಕೆಲಸದಲ್ಲಿ ಡಾಕ್ಟರಷ್ಟೇ ತೂಕ ಕುಶಲಕರ್ಮಿಯ ಕೈಗೂ ಇತ್ತು. ನನಗೆ ಇಷ್ಟವಾಗುವುದು ಅದೇ.

ಇನ್ನೊಂದು ಮಾತು. ಹಗಲು ಸಭೆ ಇಡಬೇಡ. ಸಭೆಗೆ ಬಂದರೆ ಅವರ ಕೂಲಿ ಹೋಗುತ್ತದೆ, ನಮ್ಮ ಸಂಬಳ ಹೋಗುವುದಿಲ್ಲ. ಹಗಲಿಗೇ ಕರೆಯಬೇಕಾದರೆ ಕೂಲಿ ಕೊಟ್ಟು ಕರಿ. ನಿಮ್ಮ ಬಜೆಟ್‌ನಲ್ಲಿ ಟೀ-ಬಿಸ್ಕೆಟ್‌ಗೆ ದುಡ್ಡಿದೆ, ಇದಕ್ಕಿಲ್ಲ. ಸೇರಿಸು.

ಹತ್ತಿ ಬಿಡಿಸುವುದು ಮುಗಿಯುವ ಮೊದಲೇ ಬಾ, ಆಮೇಲೆ ಅರ್ಧ ಓಣಿ ಗುಳೆ ಹೋಗಿರುತ್ತದೆ. ಲ್ಯಾಪ್‌ಟಾಪ್ ಬೇಡ. ಆ್ಯಪ್‌ನ ಒಂದೊಂದು ಪುಟವನ್ನೂ ದೊಡ್ಡ ಹಾಳೆ ಮೇಲೆ ಬರೆದು ತಾ, ಜೊತೆಗೆ ಮಾರ್ಕರ್ ಪೆನ್ನುಗಳು. ಬೇಡವಾದದ್ದನ್ನು ಅವರೇ ಹೊಡೆದು ಹಾಕಲಿ. ರಾತ್ರಿ ಎಂಟಕ್ಕೆ ಗಂಡನ ಫೋನಿಗೇ ಕನ್ನಡದಲ್ಲಿ ಕರೆ ಬರುವಂತೆ ಮಾಡ್ರಿ, ಅವನೂ ಕೇಳಲಿ ಅಂತ ಒಬ್ಬಳು ಆಗಲೇ ಹೇಳಿಟ್ಟಿದ್ದಾಳೆ. ಅದು ಆಗುತ್ತದಾ, ನೋಡಿ ಹೇಳು.

ನಿನ್ನ ದೋಸ್ತ