ಲಕ್ಷದ್ವೀಪದ ಹವಳಕ್ಕೆ ಆರು ವರ್ಷದ ಬಿಡುವು ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಲಕ್ಷದ್ವೀಪ ಪ್ರವಾಸದ ಬಗ್ಗೆ ಬಂದ ಲೇಖನ ಓದಿದೆ. ಫೋಟೊಗಳು ತುಂಬಾ ಚೆನ್ನಾಗಿದ್ದವು. ಪರ್ಮಿಟ್ ಹೇಗೆ ಮಾಡಿಸಬೇಕು, ಹಡಗು ಎಲ್ಲಿಂದ ಹೊರಡುತ್ತದೆ, ಸ್ಕೂಬಾ ಎಲ್ಲಿ ಮಾಡಬಹುದು, ಎಲ್ಲ ವಿವರ ಇತ್ತು. ಆದರೆ ಜನ ದುಡ್ಡು ಕೊಟ್ಟು ನೋಡಲು ಹೋಗುವ ಆ ಹವಳ ಈಗ ಯಾವ ಸ್ಥಿತಿಯಲ್ಲಿದೆ ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದನ್ನು 1998ರಿಂದ ಬೆನ್ನು ಬಿಡದೆ ನೋಡುತ್ತಾ ಬಂದ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ. ಅದಕ್ಕೇ ಈ ಪತ್ರ.

ನಾನು ಮಂಗಳೂರಿನ ಬಂದರಿನವನು. ದ್ವೀಪಗಳಿಗೆ ಮಂಜಿಯಲ್ಲಿ, ಅಂದರೆ ಸರಕು ಸಾಗಿಸುವ ದೊಡ್ಡ ದೋಣಿಯಲ್ಲಿ, ಸಾಮಾನು ಕಳಿಸುವ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಲೇ ತಲೆ ಬೆಳ್ಳಗಾಯಿತು. ನಮಗೂ ಆ ದ್ವೀಪಗಳಿಗೂ ಹಳೆಯ ನಂಟು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಈಗಲೂ ಹಳೇ ಬಂದರಿಗೆ ಬಂದು ನೋಡಿ. ಅಕ್ಕಿ, ಈರುಳ್ಳಿ, ಬಟಾಟೆ, ಸಿಮೆಂಟು, ಕಬ್ಬಿಣದ ಸರಳು ಎಲ್ಲ ಇಲ್ಲಿಂದ ಹೋಗುತ್ತವೆ. ಜಲ್ಲಿಯೂ ಹೋಗುತ್ತದೆ. ಜಲ್ಲಿಯನ್ನು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಕೂಲಿಯವರು ಒಂದೊಂದೇ ಚೀಲ ಹೊತ್ತು ಹಲಗೆಯ ಮೇಲೆ ನಡೆದು ಮಂಜಿಗೆ ಇಳಿಸುತ್ತಾರೆ. ಮನೆ ಕಟ್ಟುವ ಜಲ್ಲಿಯೂ ಕಡಲು ದಾಟಿ ಹೋಗಬೇಕಾ ಎಂದು ಹೊಸಬರು ಕೇಳುತ್ತಾರೆ. ಹೋಗಲೇಬೇಕು. ಅಲ್ಲಿ ಬೆಟ್ಟ ಇಲ್ಲ, ಹೊಳೆ ಇಲ್ಲ, ಕಲ್ಲಿನ ಕ್ವಾರಿ ಇಲ್ಲ. ಇಡೀ ಲಕ್ಷದ್ವೀಪದ ನೆಲ ಸುಮಾರು 32 ಚದರ ಕಿಲೋಮೀಟರ್. ಅದೆಲ್ಲ ಹವಳ ಸತ್ತು, ಪುಡಿಯಾಗಿ, ರಾಶಿ ಬಿದ್ದ ನೆಲ.

ಆ ನೆಲವನ್ನು ಕಾಯುವುದೂ ಹವಳವೇ. ಮಳೆಗಾಲದ ದೊಡ್ಡ ತೆರೆ ಮೊದಲು ಹೊರಗಿನ ಹವಳದ ದಿಬ್ಬಕ್ಕೆ ಬಡಿದು ಒಡೆಯುತ್ತದೆ. ದಿಬ್ಬಕ್ಕೂ ದಡಕ್ಕೂ ನಡುವಿನ ಆಳವಿಲ್ಲದ ನೀರು, ಅಂದರೆ ಲಗೂನ್, ದಾಟಿ ದಡಕ್ಕೆ ಬರುವ ಹೊತ್ತಿಗೆ ಅದರ ಜೋರು ಇಳಿದಿರುತ್ತದೆ. ದಿಬ್ಬ ಬೆಳೆಯುವುದು ನಿಂತು ಸವೆಯಲು ಶುರುವಾದರೆ ದ್ವೀಪಕ್ಕೆ ಬೇರೆ ಸಹಜ ತಡೆಗೋಡೆ ಇಲ್ಲ. ನಮ್ಮ ಉಳ್ಳಾಲದಲ್ಲಿ ಕಡಲ್ಕೊರೆತ ಆದರೆ ಜನ ಒಳಗಿನ ಊರಿಗೆ ಹೋಗಬಹುದು. ಕಡಮತ್ತಿನವರು ಎಲ್ಲಿಗೆ ಹೋಗಬೇಕು?

ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ರೋಹನ್ ಆರ್ಥರ್ ಎಂಬ ಕಡಲ ವಿಜ್ಞಾನಿ ಈ ಹವಳದ ಕೆಲಸ ಶುರು ಮಾಡಿದ್ದು 1990ರ ದಶಕದಲ್ಲಿ. 1998ರಲ್ಲಿ ಎಲ್ ನಿನೊ (ಪೆಸಿಫಿಕ್ ಕಡಲು ಬಿಸಿಯಾಗಿ ಜಗತ್ತಿನ ಹವೆಯೇ ಏರುಪೇರಾಗುವುದು) ಬಂದು ನಮ್ಮ ಕಡಲೂ ಕಾದು ಬಿಸಿಯಾದಾಗ ಲಕ್ಷದ್ವೀಪದ ಹವಳ ದೊಡ್ಡ ಪ್ರಮಾಣದಲ್ಲಿ ಬೆಳ್ಳಗಾಯಿತು. ಬೆಳ್ಳಗಾಗುವುದು ಅಂದರೆ ಏನು ಅಂತ ನಿಮ್ಮ ಓದುಗರಿಗಾಗಿ ಸ್ವಲ್ಪ ಬರೆಯುತ್ತೇನೆ. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಪಾಚಿ ಬಿಸಿಲಲ್ಲಿ ಆಹಾರ ಮಾಡುತ್ತದೆ, ಹವಳಕ್ಕೂ ಕೊಡುತ್ತದೆ. ಹವಳದ ಬಣ್ಣದಲ್ಲಿ ಹೆಚ್ಚಿನ ಪಾಲು ಆ ಪಾಚಿಯದೇ. ಬೇಸಿಗೆಯಲ್ಲಿ ಮಾಮೂಲಿಯಾಗಿ ಇರುವ ಶಾಖಕ್ಕಿಂತ ನೀರು ಒಂದೇ ಒಂದು ಡಿಗ್ರಿ ಜಾಸ್ತಿಯಾಗಿ ತಿಂಗಳುಗಟ್ಟಲೆ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಒಳಗಿನ ಬಿಳಿ ಸುಣ್ಣದ ಗೂಡು ಎದ್ದು ಕಾಣುತ್ತದೆ. ಆಗ ಅದು ಸತ್ತಿರುವುದಿಲ್ಲ, ಉಪವಾಸ ಬಿದ್ದಿರುತ್ತದೆ. ನೀರು ಬೇಗ ತಣ್ಣಗಾದರೆ ಚೇತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಸಾಯುತ್ತದೆ.

ಅವರ ತಂಡ 1998ರ ನಂತರವೂ ಅಗತ್ತಿ, ಕಡಮತ್, ಕವರತ್ತಿಗೆ ಮತ್ತೆ ಮತ್ತೆ ಹೋಗಿ, ನೀರಿಗಿಳಿದು, ತಳದಲ್ಲಿ ಎಷ್ಟು ಭಾಗ ಜೀವಂತ ಹವಳ ಇದೆ ಎಂದು ಲೆಕ್ಕ ಹಾಕುತ್ತಾ ಬಂತು. 2010ರಲ್ಲಿ ಮತ್ತೆ ಕಡಲು ಕಾಯಿತು, 2016ರಲ್ಲಿ ಮತ್ತೊಮ್ಮೆ. ಅಷ್ಟೂ ವರ್ಷದ ಲೆಕ್ಕ 2025ರಲ್ಲಿ ಪ್ರಬಂಧವಾಗಿ ಪ್ರಕಟವಾಯಿತು. ಬರೆದವರಲ್ಲಿ ಮೊದಲ ಹೆಸರು ಮಯೂರೇಶ್ ಗಂಗಲ್ ಅವರದು. 1998ರಲ್ಲಿ ತಳದ ಶೇ 37ರಷ್ಟು ಭಾಗದಲ್ಲಿದ್ದ ಹವಳ 2022ಕ್ಕೆ ಶೇ 20ಕ್ಕಿಂತ ಕೆಳಗೆ ಇಳಿದಿದೆ. 24 ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ ಹೋಯಿತು.

ಲೆಕ್ಕ ಬರೆಯುವವನಾಗಿ ನನಗೆ ಈ ಕೆಲಸದ ಬೆಲೆ ಗೊತ್ತು. ಒಂದು ವರ್ಷ ಬಿಸಿ ಸುದ್ದಿ ಇದ್ದಾಗ ಹೋಗಿ ಎಣಿಸುವುದು ಸುಲಭ. ಯಾರೂ ಕೇಳದ ವರ್ಷದಲ್ಲೂ ಹೋಗಿ ಎಣಿಸಬೇಕಲ್ವಾ, ಅದು ಕಷ್ಟ. ಹಾಗೆ ಎಣಿಸಿದ್ದರಿಂದಲೇ ಇನ್ನೆರಡು ವಿಷಯ ಗೊತ್ತಾದವು. ಒಂದು, ಪ್ರತಿ ಸಲ ಕಡಲು ಕಾದಾಗಲೂ ಸಾಯುವ ಹವಳದ ಪ್ರಮಾಣ ಹಿಂದಿನ ಸಲಕ್ಕಿಂತ ಕಡಿಮೆಯಾಗುತ್ತಿದೆ. ಉಳಿದ ಹವಳ ಸ್ವಲ್ಪ ಮಟ್ಟಿಗೆ ಶಾಖ ತಡೆಯುತ್ತಿರಬಹುದು. ಆದರೆ ಕಳೆದುಕೊಂಡದ್ದು ಪೂರ್ತಿ ವಾಪಸು ಬರುತ್ತಿಲ್ಲ. ಇನ್ನೊಂದು ವಿಷಯವೇ ಮುಖ್ಯ. ಒಮ್ಮೆ ಪೆಟ್ಟು ತಿಂದ ಮೇಲೆ ಹವಳ ಬಹಳ ನಿಧಾನ ಚೇತರಿಸುತ್ತದೆ. ಆರು ವರ್ಷ ಸತತವಾಗಿ ಕಡಲು ಕಾಯದೆ ಇದ್ದರೆ ಮಾತ್ರ ಆಮೇಲೆ ಬೆಳವಣಿಗೆ ಜೋರಾಗುತ್ತದೆ.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ನೋಡಿ. 2016, 2017, 2020, 2022, 2024ರಲ್ಲಿ ಅಲ್ಲಿಯ ಹವಳ ದೊಡ್ಡ ಪ್ರಮಾಣದಲ್ಲಿ ಬೆಳ್ಳಗಾಯಿತು. ಆರು ವರ್ಷದ ಬಿಡುವು ಒಮ್ಮೆಯೂ ಸಿಗಲಿಲ್ಲ. ನಮ್ಮಲ್ಲಿ 2016ರ ನಂತರ ಸಿಕ್ಕ ಬಿಡುವು 2024ರಲ್ಲಿ ಮುಗಿಯಿತು. ಆ ಬೇಸಿಗೆ ದೋಣಿ ನಡೆಸುವ ಕಡಮತ್ತಿನ ಒಬ್ಬ ತಂಡೇಲ ನಮ್ಮ ಬಂದರಿನ ಧಕ್ಕೆಯಲ್ಲಿ ಕೂತು ಹೇಳಿದ್ದು ನೆನಪಿದೆ. "ರೈಟರೇ, ಬೆಳಿಗ್ಗೆ ಸುಬಹಿ ನಮಾಜ್ ಮುಗಿಸಿ ನೀರಿಗಿಳಿದರೂ ಲಗೂನ್ ಬೆಚ್ಚಗಿದೆ. ರಾತ್ರಿಯೂ ತಣಿಯುವುದಿಲ್ಲ." ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕೂಡ ಆ ವರ್ಷದ ಮೇ ತಿಂಗಳಲ್ಲಿ ಹೇಳಿತು: 2023ರ ಅಕ್ಟೋಬರ್ ಕೊನೆಯಿಂದಲೇ ಲಕ್ಷದ್ವೀಪದ ಕಡಲು ಕಾಯುತ್ತಿದೆ, ಹವಳ ಎಲ್ಲೆಡೆ ಬೆಳ್ಳಗಾಗಿದೆ.

ಕಡಲು ಕಾಯುವುದನ್ನು ದ್ವೀಪದವರು ತಡೆಯಲಾರರು. ಅದು ಜಗತ್ತೇ ಕಲ್ಲಿದ್ದಲು, ಪೆಟ್ರೋಲು ಕಡಿಮೆ ಮಾಡಬೇಕಾದ ವಿಷಯ. ಭೂಮಿಯ ತಾಪ 1.5 ಡಿಗ್ರಿ ಏರಿದರೆ ಜಗತ್ತಿನ ಹವಳದಲ್ಲಿ ಶೇ 70ರಿಂದ 90 ಹೋಗುತ್ತದೆ, 2 ಡಿಗ್ರಿ ಆದರೆ ಶೇ 99ಕ್ಕಿಂತ ಜಾಸ್ತಿ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2018ರಲ್ಲೇ ಹೇಳಿದೆ. ಆದರೆ ಬಿಡುವು ಸಿಕ್ಕ ವರ್ಷಗಳಲ್ಲಿ ಹವಳಕ್ಕೆ ಬೇರೆ ಕಾಟ ಕೊಡದೆ ಇರುವುದು ನಮ್ಮ ಕೈಯಲ್ಲಿದೆ. ಲಕ್ಷದ್ವೀಪದವರು ತಲೆಮಾರಿನಿಂದ ಹೊರಗಿನ ಕಡಲಲ್ಲಿ ಗಾಳ ಹಾಕಿ ಟ್ಯೂನಾ ಹಿಡಿಯುವವರು. ಹವಳದ ಮೀನಿಗೆ ಹೆಚ್ಚು ಕೈ ಹಾಕಿರಲಿಲ್ಲ. 1998ರ ನಂತರ ಹವಳ ಎದ್ದು ನಿಲ್ಲಲು ಇದೂ ಒಂದು ಕಾರಣ. ಗಿಳಿಮೀನಿನಂಥವು ಸತ್ತ ಹವಳದ ಮೇಲಿನ ಪಾಚಿಯನ್ನು ಕೆರೆದು ತಿಂದವು, ಎಳೆಯ ಹವಳಕ್ಕೆ ಕೂರಲು ಜಾಗ ಸಿಕ್ಕಿತು. ಈಗ ಮುರುಮೀನು, ಗಿಳಿಮೀನಿಗೆ ಈ ಕಡೆಯ ದಡದಿಂದ ಬೇಡಿಕೆ ಏರುತ್ತಿದೆ. ಮೀನು ಕೊಳ್ಳುವ ನಾವು ಇದನ್ನು ತಿಳಿದಿರಬೇಕು.

2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲೆ ಪ್ರವಾಸದ ಮಾತು ಜೋರಾಗಿದೆ. ಕಡಮತ್, ಸುಹೇಲಿ, ಮಿನಿಕಾಯ್‌ನಲ್ಲಿ ಲಗೂನಿನ ಮೇಲೆ ವಿಲ್ಲಾ ಕಟ್ಟುವ ಯೋಜನೆ ಅದಕ್ಕೂ ಮೊದಲಿನದು. ದ್ವೀಪದವರಿಗೆ ಆದಾಯ ಬೇಡ ಎಂದು ನಾನು ಹೇಳುವುದಿಲ್ಲ. ಕಟ್ಟಡ ಎದ್ದರೆ ನಮ್ಮ ಬಂದರಿಗೂ ಕೆಲಸ, ಜಲ್ಲಿ, ಸಿಮೆಂಟು ಇಲ್ಲಿಂದಲೇ ಹೋಗಬೇಕು. ಆದರೂ ಹೇಳುತ್ತೇನೆ, ಲಗೂನಿನಲ್ಲಿ ಕಂಬ ನೆಡುವ ಮೊದಲು ಮೈಸೂರಿನವರ ಈ ಲೆಕ್ಕವನ್ನು ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ಅರ್ಧ ಹೋದ ಹವಳದ ಮೇಲೆ ಹೂಳು, ಕೊಳಚೆ ನೀರು ಬಿದ್ದರೆ ಅದು ತಾಳುವುದಿಲ್ಲ.

ಪತ್ರಿಕೆಗೆ ನನ್ನ ವಿನಂತಿ ಇದು. ಕೆಆರ್‌ಎಸ್, ತುಂಬೆ ಅಣೆಕಟ್ಟಿನ ನೀರಿನ ಮಟ್ಟ ನೀವು ಹಾಕುತ್ತೀರಿ. ನಮ್ಮ ಬೋಟಿನವರಿಗೆ ಅಲೆಯ ಎತ್ತರ, ಮೀನು ಸಿಗುವ ಜಾಗ ತಿಳಿಸುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯೇ ಹವಳ ಬೆಳ್ಳಗಾಗುವ ಅಪಾಯದ ಎಚ್ಚರಿಕೆಯನ್ನೂ ಕೊಡುತ್ತದೆ. ಅದರಲ್ಲಿ ಲಕ್ಷದ್ವೀಪವೂ ಸೇರಿದೆ. ಬೇಸಿಗೆಯ ತಿಂಗಳುಗಳಲ್ಲಿ ಕರಾವಳಿ ಪುಟದಲ್ಲಿ ಅದಕ್ಕೊಂದು ಸಣ್ಣ ಚೌಕ ಕೊಡಿ.

ಹಾಗೆಯೇ ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲೂ ಹವಳ ಇದೆ, ಅದನ್ನು ನೋಡಲು ಜನ ಸ್ಕೂಬಾಕ್ಕೆ ಹೋಗುತ್ತಾರೆ. ಅಲ್ಲಿಯೂ ಪ್ರತಿ ವರ್ಷ ಅದೇ ಜಾಗಕ್ಕೆ ಇಳಿದು, ಅದೇ ರೀತಿ ಎಣಿಸಿ, ಲೆಕ್ಕವನ್ನು ಜನರ ಮುಂದೆ ಇಡಬೇಕು. ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಕಲಿಸುವ ವಿಭಾಗವೇ ಇದೆ, ಈಜು ಬಲ್ಲ ಹುಡುಗ ಹುಡುಗಿಯರಿಗೇನೂ ಕೊರತೆ ಇಲ್ಲ. ಬೇಕಾದದ್ದು ವರ್ಷ ತಪ್ಪದೆ ಬರುವ ಹಣ. ಮುಂದಿನ ರಾಜ್ಯ ಬಜೆಟ್‌ಗೆ ಮುಂಚೆ ಈ ಮಾತನ್ನು ಸಂಪಾದಕೀಯದಲ್ಲಿ ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಓದುಗ,
ಬಂದರು, ಮಂಗಳೂರು