ಕೆಂಪು ಬೈಂಡಿನ ರಿಜಿಸ್ಟರು

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಕೆಲಸ ಬಿಟ್ಟು ಶಾಸನಗಳ ಚಾನೆಲನ್ನೇ ನೆಚ್ಚಿಕೊಳ್ಳುತ್ತೇನೆ ಎಂದು ಬರೆದಿದ್ದೀಯ. ಬಳ್ಳಿಗಾವಿಯ ಕಲ್ಲಿಗೆ ನೀನು ಓರೆಯಾಗಿ ಟಾರ್ಚ್ ಹಿಡಿದಾಗ ಸವೆದ ಅಕ್ಷರಗಳು ಒಂದೊಂದೇ ಎದ್ದು ಬಂದದ್ದನ್ನು ಮೂರು ಸಲ ನೋಡಿದೆ. ಬೇಡ ಎನ್ನಲು ಮನಸ್ಸು ಬರುವುದಿಲ್ಲ. ದುಡ್ಡಿನ ವಿಷಯ ಮಾತ್ರ ಸ್ವಲ್ಪ ಕೇಳು.

ಯೂಟ್ಯೂಬಿನಲ್ಲಿ 1000 ಸಬ್‌ಸ್ಕ್ರೈಬರು, ಹನ್ನೆರಡು ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಆದಮೇಲೆ ಉದ್ದ ವಿಡಿಯೊಗಳ ಜಾಹೀರಾತಿನಲ್ಲಿ ನಿನಗೆ ನೂರಕ್ಕೆ 55 ಪಾಲು. ಲೆಕ್ಕದಲ್ಲಿ 100 ಡಾಲರ್ ಕೂಡುವ ತನಕ ಅದೂ ಕೈಗೆ ಬಾರದು. ಬಂದರೆ ತಗೋ, ಅದನ್ನು ನಂಬಿ ಮನೆ ಬಾಡಿಗೆ ಒಪ್ಪಿಕೊಳ್ಳಬೇಡ.

ನನ್ನ ಮಾಸಪತ್ರಿಕೆಯ 600 ಪ್ರತಿ ಒಬ್ಬ ಏಜೆಂಟರ ಮೂಲಕ ಹೋಗುತ್ತಿತ್ತು. ಯಾರ ಮನೆ ಸೇರುತ್ತದೆ ಎಂದು ನಾನು ವಿಚಾರಿಸಿದವನಲ್ಲ. ಆತ ಕೈಬಿಟ್ಟ ತಿಂಗಳು ಆ ಓದುಗರಿಗೆ ಒಂದು ಕಾರ್ಡು ಬರೆಯೋಣವೆಂದರೆ ವಿಳಾಸವೇ ಇಲ್ಲ! ಉಳಿದವರು ನೇರ ಚಂದಾದಾರರು, 140 ಜನ. ಕೆಂಪು ಬೈಂಡಿನ ರಿಜಿಸ್ಟರಿನಲ್ಲಿ ಅವರ ಹೆಸರು, ಊರು, ಪಿನ್‌ಕೋಡ್, ಚಂದಾ ಮುಗಿಯುವ ತಿಂಗಳು ಇದ್ದವು. ನಿನ್ನ ದೊಡ್ಡಮ್ಮ ಮೈದಾ ಅಂಟು ಹಚ್ಚಿ ರ್‍ಯಾಪರು ಸುತ್ತುತ್ತಿದ್ದಳು. ಮುಂದಿನ ಒಂದೂವರೆ ವರ್ಷ ಪತ್ರಿಕೆ ನಡೆದದ್ದು ಅವರಿಂದಲೇ.

ನಿನ್ನ ಸಬ್‌ಸ್ಕ್ರೈಬರುಗಳೆಲ್ಲ ಈಗ ಯೂಟ್ಯೂಬ್ ಎಂಬ ಏಜೆಂಟರ ಕಡೆಯವರು. ಪುಕ್ಕಟೆ ಗುಂಡಿ ಒತ್ತಿದವರನ್ನು ನಾನು ಚಂದಾದಾರರೆನ್ನಲಾರೆ. ಅವರಲ್ಲಿ ಇಷ್ಟಪಟ್ಟವರ ಇಮೇಲನ್ನು ಕೇಳಿ ಪಡೆದು ನಿನ್ನದೇ ಪಟ್ಟಿ ಮಾಡಿಕೋ. ತಿಂಗಳಿಗೊಂದು ಶಾಸನದ ಪೂರ್ಣ ಪಾಠ, ಅರ್ಥ, ಹೋಗುವ ದಾರಿ ಬರೆದು ಕಳಿಸು. ತಿಂಗಳಿಗೆ 50 ರೂಪಾಯಿಯಂತೆ 300 ಜನ ಕೊಟ್ಟರೆ 15,000 ಆಯಿತು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಹುಟ್ಟಿ ಬೆಳೆದದ್ದೂ ಹೀಗೆ ಚಂದಾದಾರರನ್ನು ನೆಚ್ಚಿಕೊಂಡೇ.

ಆಜೀವ ಚಂದಾ ಮಾತ್ರ ಎತ್ತಬೇಡ ಮಗಳೇ. ನಾನು ಎತ್ತಿದೆ. ಆ ದುಡ್ಡು ಮೊದಲ ವರ್ಷವೇ ಕಾಗದಕ್ಕೂ ಅಂಚೆಗೂ ಕರಗಿತು. ಪತ್ರಿಕೆ ನಿಂತಮೇಲೂ ಮದುವೆಮನೆಗಳಲ್ಲಿ ಆ ಹಿರಿಯರು ಎದುರಾದರೆ ತಲೆ ತಗ್ಗಿಸಬೇಕಾಗುತ್ತಿತ್ತು.

ಪ್ರಾಯೋಜಕರು ಬಂದರೆ ಬರಲಿ. ದುಡ್ಡು ಪಡೆದು ಹೇಳುವ ಮಾತಿಗೆ ‘ಜಾಹೀರಾತು’ ಎಂದು ಕಾಣುವಂತೆ ಹಾಕು. ಶಾಸನದ ಓದಿನ ಮಧ್ಯೆ ಅವರನ್ನು ತೂರಿಸಬೇಡ.

ಮೊದಲ ಹೆಸರು ನನ್ನದೇ ಬರೆದುಕೋ. ಒಂದು ವರ್ಷದ 600 ರೂಪಾಯಿ ಯುಪಿಐನಲ್ಲಿ ಕಳಿಸಿದ್ದೇನೆ. ರಸೀದಿ ಕಳಿಸು.

ಇತಿ ನಿನ್ನ,
ದೊಡ್ಡಪ್ಪ