ಒಂದೇ ದಿನದ ಆಲ್ಬಂ: ಗೆಳೆಯನಿಗೊಂದು ಪತ್ರ

ಗೆಳೆಯಾ,

"ಬ್ಲ್ಯಾಕ್ ಸಬ್ಬತ್‌ನವರು ಮೊದಲ ಆಲ್ಬಂ ಒಂದೇ ದಿನದಲ್ಲಿ ಮುಗಿಸಿದರಂತೆ. ನಮಗೆ ಒಂದು ಹಾಡಿನ ಡ್ರಮ್ಸ್ ಕೂಡ ಮುಗಿದಿಲ್ಲ" ಅಂತ ಬರೆದಿದ್ದೀಯ. ನಿನ್ನ ಸಂಕಟ ಅರ್ಥವಾಗುತ್ತದೆ. ಆದರೆ ಆ ಇಂಗ್ಲಿಷ್ ರಾಕ್ ಬ್ಯಾಂಡಿನ ಒಂದು ದಿನದ ಕಥೆಯನ್ನು ಎಲ್ಲರೂ ಅರ್ಧಕ್ಕೇ ನಿಲ್ಲಿಸುತ್ತಾರೆ ಕಣೋ. ಉಳಿದರ್ಧ ಹೇಳೋಣ ಅಂತ ಇಷ್ಟುದ್ದ ಬರೆಯುತ್ತಿದ್ದೇನೆ. ಕಾಫಿ ಇಟ್ಟುಕೊಂಡು ಓದು.

ದಿನ ನಿಜ. 1969ರ ಅಕ್ಟೋಬರ್ 16, ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋ, ಸುಮಾರು 12 ಗಂಟೆ. ಟೋನಿ ಅಯೋಮಿ ಗಿಟಾರ್, ಗೀಜರ್ ಬಟ್ಲರ್ ಬೇಸ್, ಬಿಲ್ ವಾರ್ಡ್ ಡ್ರಮ್ಸ್, ಓಝಿ ಆಸ್ಬರ್ನ್ ಗಾಯನ. ಎಲ್ಲರೂ ಬರ್ಮಿಂಗ್‌ಹ್ಯಾಮಿನ ಆಸ್ಟನ್ ಕಡೆಯ ಹುಡುಗರು, ಇಪ್ಪತ್ತರ ಆಸುಪಾಸಿನವರು. ಯುರೋಪಿನ ಕಾರ್ಯಕ್ರಮಕ್ಕೆ ಹೊರಟವರು ದಾರಿಯಲ್ಲಿ ಸ್ಟುಡಿಯೋಗೆ ಹೊಕ್ಕು ನುಡಿಸಿ ಹೋದರು. ಓಝಿಯನ್ನು ಪಕ್ಕದ ಸಣ್ಣ ಬೂತಿನಲ್ಲಿ ನಿಲ್ಲಿಸಿದ್ದರು. ಉಳಿದ ಮೂವರು ನುಡಿಸುವಾಗಲೇ ಅವನೂ ಹಾಡಿದ. ಹೆಚ್ಚಿನ ಹಾಡುಗಳಿಗೆ ಎರಡನೇ ಟೇಕ್ ಅನ್ನುವುದೇ ಇರಲಿಲ್ಲ. ಅಯೋಮಿ ತನ್ನ ಸ್ಟ್ರಾಟೋಕಾಸ್ಟರ್ ಗಿಟಾರ್ ಹಿಡಿದು ಶುರು ಮಾಡಿದ್ದ, ತಂತಿಯ ಸದ್ದು ಹಿಡಿಯುವ ಅದರ ಪಿಕಪ್ ಕೈಕೊಟ್ಟಿತು. ಪಕ್ಕಕ್ಕಿಟ್ಟಿದ್ದ ಇನ್ನೊಂದು ಗಿಟಾರ್, ಗಿಬ್ಸನ್ ಎಸ್‌ಜಿ, ಎತ್ತಿಕೊಂಡ. ಮುಂದೆ ಅದೇ ಅವನ ಗುರುತಾಯಿತು. ರಿಪೇರಿ ಮಾಡಿಸಿಕೊಂಡು ನಾಳೆ ಬರೋಣ ಅನ್ನಲು ಅವರ ಹತ್ತಿರ ನಾಳೆ ಇರಲಿಲ್ಲ.

ಇಷ್ಟೇ ಕೇಳಿದರೆ ನಾವು ಸೋಮಾರಿಗಳು ಅನ್ನಿಸುತ್ತದೆ, ಅಲ್ವಾ? ಅದರ ಹಿಂದಿನದನ್ನೂ ನೋಡು. 1968ರಿಂದ ಈ ನಾಲ್ವರು ಒಟ್ಟಿಗಿದ್ದರು. ಮೊದಲು ಪೋಲ್ಕಾ ಟಲ್ಕ್ ಅನ್ನೋ ವಿಚಿತ್ರ ಹೆಸರು, ಆಮೇಲೆ ಅರ್ತ್. ಊರಿನ ಪಬ್ಬುಗಳಲ್ಲಿ ಬ್ಲೂಸ್ ನುಡಿಸುತ್ತಿದ್ದರು. ನಡುವೆ ಅಯೋಮಿ ಕೆಲವು ವಾರ ಜೆತ್ರೊ ಟಲ್ ಅನ್ನೋ ಇನ್ನೊಂದು ಬ್ಯಾಂಡ್ ಸೇರಿ, ಅಲ್ಲಿಯ ಶಿಸ್ತು ನೋಡಿ ವಾಪಸ್ ಬಂದ. ಬಂದವನೇ ಇವರನ್ನು ಬೆಳಿಗ್ಗೆ 9ಕ್ಕೆಲ್ಲ ಎಬ್ಬಿಸಿ ಪ್ರಾಕ್ಟೀಸಿಗೆ ಕೂರಿಸಿದ. ರಾಕ್ ಬ್ಯಾಂಡಿಗೆ ಬೆಳಿಗ್ಗೆ 9! ಹ್ಯಾಂಬರ್ಗ್‌ನ ಸ್ಟಾರ್ ಕ್ಲಬ್ಬಿನಲ್ಲಿ ದಿನಕ್ಕೆ ಹಲವು ಸಲ ವೇದಿಕೆ ಹತ್ತಿ ಇಳಿಯಬೇಕಿತ್ತು. ಅಷ್ಟು ಹೊತ್ತು ತುಂಬಿಸಲು ಹಾಡುಗಳು ಸಾಲದೆ, ಇದ್ದದ್ದನ್ನೇ ಎಳೆದೆಳೆದು, ಹೊಳೆದಂತೆ ನುಡಿಸಿ ಜ್ಯಾಮ್ ಮಾಡುತ್ತಿದ್ದರು. ಹಿಂದೆ ನಮ್ಮ ಕಂಪನಿ ನಾಟಕದ ನಟರು ರಾತ್ರಿ ರಾತ್ರಿ ಹಾಡಿ ಪಳಗಿದ ರಂಗಗೀತೆಯನ್ನೇ ಗ್ರಾಮಫೋನ್ ಪ್ಲೇಟಿಗೆ ಹಾಡಿ ಬರುತ್ತಿದ್ದರಲ್ಲ, ಇದೂ ಹಾಗೆಯೇ. ಆ 12 ಗಂಟೆಯಲ್ಲಿ ಅವರು ಏನನ್ನೂ ಹುಡುಕಲಿಲ್ಲ. ಹುಡುಕಾಟ ಆಗಲೇ ಜನರ ಮುಂದೆ ಮುಗಿದಿತ್ತು.

ಅಯೋಮಿಯ ಬೆರಳಿನ ಕಥೆ ನಿನಗೆ ಗೊತ್ತು. ಆದರೂ ಹೇಳದಿರಲು ಆಗುವುದಿಲ್ಲ. 17 ವರ್ಷದ ಹುಡುಗ, ಲೋಹದ ತಗಡಿನ ಕಾರ್ಖಾನೆ, ಕೆಲಸದ ಕೊನೆಯ ದಿನ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ನಡುಬೆರಳುಗಳ ತುದಿ ಹೋದವು. ಅವನು ಎಡಚ, ಅಂದರೆ ತಂತಿ ಒತ್ತುವ ಕೈಯೇ ಅದು. ಮುಗಿಯಿತು ಅಂದುಕೊಂಡಿದ್ದಾಗ ಕಾರ್ಖಾನೆಯ ಮೇಲಿನವರೊಬ್ಬರು ಜಾಝ್ ಗಿಟಾರಿಸ್ಟ್ ಜ್ಯಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ತಂದುಕೊಟ್ಟರು. ಬೆಂಕಿಯಲ್ಲಿ ಕೈ ಸುಟ್ಟು ಎರಡೇ ಬೆರಳಲ್ಲಿ ಸೋಲೋ ನುಡಿಸಿದ ಮಹಾನುಭಾವ. ಹುಡುಗ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮದ ತುಂಡು ಅಂಟಿಸಿದ. ದಪ್ಪ ತಂತಿ ಒತ್ತಲು ನೋವು, ಅದಕ್ಕೆ ಬ್ಯಾಂಜೋದ ತೆಳು ತಂತಿ ಹಾಕಿದ. ಶ್ರುತಿ ಇಳಿಸಿದ್ದರಿಂದಲೇ ಆ ಭಾರದ ಸದ್ದು ಹುಟ್ಟಿತು ಅಂತ ಎಲ್ಲ ಕಡೆ ಹೇಳುತ್ತಾರೆ. ಅಷ್ಟು ಕೆಳಗೆ ಇಳಿಸಿದ್ದು ಮೂರನೇ ಆಲ್ಬಂನಲ್ಲಿ, 1971ರಲ್ಲಿ. ಮೊದಲ ಆಲ್ಬಂನ ಭಾರ ಬಂದದ್ದು ನಿಧಾನದಿಂದ, ಮತ್ತು ಸ್ವರಗಳ ಆಯ್ಕೆಯಿಂದ.

ಆ ಸ್ವರಗಳನ್ನೇ ನೋಡು. ಬ್ಯಾಂಡಿನ ಹೆಸರನ್ನೇ ಹೊತ್ತ ಮೊದಲ ಹಾಡಿನ ರಿಫ್‌ನಲ್ಲಿ, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ಸಾಲಿನಲ್ಲಿ, ಇರುವುದು ಮೂರೇ ಸ್ವರ: ಷಡ್ಜ ('ಸ'), ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮ, ಅಂದರೆ ಪಂಚಮಕ್ಕೆ ('ಪ') ಸ್ವಲ್ಪ ಕೆಳಗಿನ 'ಮ'. ಗೀಜರ್‌ಗೆ ಇಂಗ್ಲಿಷ್ ಸಂಗೀತಕಾರ ಹೋಲ್ಸ್ಟ್‌ನ ಆರ್ಕೆಸ್ಟ್ರಾ ಕೃತಿ 'ಮಾರ್ಸ್' ಹುಚ್ಚು. ಅವನು ಬೇಸಿನಲ್ಲಿ ಅದನ್ನು ನುಡಿಸುತ್ತಿದ್ದುದರಿಂದ ಇದು ಮೊಳೆಯಿತು ಅನ್ನುತ್ತಾರೆ. ಕಲ್ಯಾಣಿ ರಾಗ ಕೇಳಿ ಬೆಳೆದ ನಮಗೆ ಪ್ರತಿಮಧ್ಯಮ ಭಯದ ಸ್ವರವೇ ಅಲ್ಲ. ನಮ್ಮಲ್ಲಿ ಅದು ಪಂಚಮದ ಕಡೆ ನಡೆಯುತ್ತದೆ, ಕಿವಿಗೆ ಒಂದು ಮನೆ ಸಿಗುತ್ತದೆ. ಅಯೋಮಿ ಪಂಚಮ ಕೊಡುವುದೇ ಇಲ್ಲ. ಅಲ್ಲೇ ನಿಲ್ಲಿಸಿ, ಬೆರಳು ನಡುಗಿಸಿ, ಮತ್ತೆ ಷಡ್ಜಕ್ಕೆ ಬೀಳುತ್ತಾನೆ. ನಿನ್ನ ಕೀಬೋರ್ಡಿನಲ್ಲಿ ಒಂದು ಸಲ ಪಂಚಮ ಸೇರಿಸಿ ನುಡಿಸಿ ನೋಡು. ಭಯ ಹಾರಿಹೋಗುತ್ತದೆ.

ಆದರೆ ನನಗೆ ಈ ಆಲ್ಬಂ ಅಂದರೆ ಬಿಲ್ ವಾರ್ಡ್. ಜಾಝ್ ಕೇಳಿ ಬೆಳೆದವನು, ಜಾಝ್ ಡ್ರಮ್ಮರ್ ಜೀನ್ ಕ್ರೂಪಾನ ಭಕ್ತ. ಅವನು ತಾಳ ಹಿಡಿಯುವುದಕ್ಕಿಂತ ಮಾತಿಗೆ ಮಾತು ಕೊಡುವುದು ಜಾಸ್ತಿ. ಹೆಸರಿನ ಹಾಡಿನಲ್ಲಿ ರಿಫ್‌ನ ನಡುವಿನ ಖಾಲಿಯಲ್ಲಿ ಅವನು ಟಾಮ್ ಡ್ರಮ್‌ಗಳ ಮೇಲೆ ಮಾಡುವುದನ್ನು ಕೇಳು. ಕಿವಿಯಲ್ಲಿ ಕ್ಲಿಕ್, ಅಂದರೆ ಯಂತ್ರದ ತಾಳದ ಟಿಕ್‌ಟಿಕ್, ಹಾಕಿಕೊಂಡು ಇದನ್ನು ನುಡಿಸಲು ಸಾಧ್ಯವೇ ಇಲ್ಲ. ಕೊನೆಗೆ ವೇಗ ಏರುವಾಗ ನಾಲ್ವರೂ ಒಟ್ಟಿಗೆ ಏರುತ್ತಾರೆ. ಒಬ್ಬನ ಮುಖ ಒಬ್ಬ ನೋಡಿಕೊಂಡರೆ ಮಾತ್ರ ಬರುವಂಥದ್ದು ಅದು.

ಆ ಹಾಡಿನ ಶುರುವಿನ ಮಳೆ, ಗುಡುಗು, ಗಂಟೆಯ ಸದ್ದು ಹುಡುಗರದ್ದಲ್ಲ. ಅವರು ಹೋದ ಮೇಲೆ ನಿರ್ಮಾಪಕ ರಾಜರ್ ಬೇನ್ ಸೇರಿಸಿದ್ದು. ಒಳ್ಳೆಯ ಕೆಲಸ, ಅದಿಲ್ಲದೆ ಆ ಹಾಡನ್ನು ಈಗ ಯೋಚಿಸಲೂ ಆಗುವುದಿಲ್ಲ. ಮುಖಪುಟವೂ ಅಷ್ಟೇ. ಆಕ್ಸ್‌ಫರ್ಡ್‌ಶೈರ್‌ನ ಮೇಪಲ್‌ಡರಮ್ ನೀರುಗಿರಣಿ, ಮುಂದೆ ಕಪ್ಪು ಬಟ್ಟೆಯ ಹೆಣ್ಣು. ಆದರೆ ಒಳಪುಟದಲ್ಲಿ ತಲೆಕೆಳಗಾದ ಶಿಲುಬೆ ಹಾಕಿದ್ದು ಇವರನ್ನು ಕೇಳದೆ. ಸೈತಾನನ ಪೂಜಾರಿಗಳು ಅನ್ನೋ ಹೆಸರು ಅಲ್ಲಿಂದ ಬಿಡದೆ ಅಂಟಿಕೊಂಡಿತು. ನಿಮ್ಮ ಕವರ್ ಮಾಡುವವರ ಮೇಲೆ ಒಂದು ಕಣ್ಣಿಟ್ಟಿರು.

ಬಿಡುಗಡೆ 1970ರ ಫೆಬ್ರವರಿ 13. ಶುಕ್ರವಾರ, ಬೇಕಂತಲೇ. ವಿಮರ್ಶಕರು ಅಟ್ಟಾಡಿಸಿ ಹೊಡೆದರು. 'ರೋಲಿಂಗ್ ಸ್ಟೋನ್'ನಲ್ಲಿ ಲೆಸ್ಟರ್ ಬ್ಯಾಂಗ್ಸ್ ಇದನ್ನು ಕ್ರೀಮ್ ಬ್ಯಾಂಡಿನ ಕೆಟ್ಟ ನಕಲು ಅನ್ನುವಂತೆ ಬರೆದ. ರಾಬರ್ಟ್ ಕ್ರಿಸ್ಟ್‌ಗೌ ಇನ್ನೂ ಖಾರ. ಅವರಿಗೆ ಕಿವಿಯೇ ಇರಲಿಲ್ಲ ಅಂತ ನಗುವುದು ಈಗ ಸುಲಭ. ನಾನು ಪೂರ್ತಿ ನಗುವುದಿಲ್ಲ. ಎರಡನೇ ಬದಿಯ 'ವಾರ್ನಿಂಗ್' ಹತ್ತು ನಿಮಿಷ ದಾಟುತ್ತದೆ, ಅದೂ ಬೇರೆಯವರ ಹಾಡು. ಅದರ ನಡುವಿನ ಗಿಟಾರ್ ಸುತ್ತಾಟ ನಿಜಕ್ಕೂ ಕ್ರೀಮ್‌ನ ನೆರಳೇ. 'ಈವಿಲ್ ವುಮನ್' ಕೂಡ ಬೇರೆಯವರದ್ದು. ಸಿಂಗಲ್ ಆಗಿ ಬಂದು ಚಾರ್ಟ್ ಮುಟ್ಟದೆ ಹೋಯಿತು. ವಿಮರ್ಶಕರು ಆ ಬದಿಯನ್ನು ಸರಿಯಾಗಿಯೇ ಕೇಳಿದರು. ತಪ್ಪಿದ್ದು ಮೊದಲ ಬದಿಯಲ್ಲಿ. ಹಳೆಯ ಬ್ಲೂಸ್ ಹುಡುಕುತ್ತಾ ಕೂತವರಿಗೆ ಅಲ್ಲಿ ಬ್ಲೂಸ್ ಕೆಟ್ಟುಹೋದ ಹಾಗೆ ಕೇಳಿಸಿತು. ಅದು ಬೇರೆ ಏನೋ ಆಗುತ್ತಿತ್ತು.

ಕೊಂಡವರು ಬೇರೆಯೇ ಜನ. ಬ್ರಿಟನ್ನಿನಲ್ಲಿ ಆಲ್ಬಂ 8ನೇ ಸ್ಥಾನಕ್ಕೆ ಏರಿತು. ಅಮೆರಿಕದಲ್ಲಿ 23ರವರೆಗೆ ಹೋಗಿ ವರ್ಷಕ್ಕೂ ಜಾಸ್ತಿ ಪಟ್ಟಿಯಲ್ಲೇ ಕೂತಿತು. ಅದೇ ಸೆಪ್ಟೆಂಬರಿನಲ್ಲಿ ಎರಡನೇ ಆಲ್ಬಂ ಬಂದು ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಹಿಡಿಯಿತು. ಆ ನಿಧಾನದ ರಿಫ್‌ನ ಮೊಮ್ಮಕ್ಕಳು ನಮ್ಮ ಬೆಂಗಳೂರಿನಲ್ಲೂ ಇದ್ದಾರೆ. ಬೆವರ್ ಸೀ ಬ್ಯಾಂಡಿನವರ ಮೊದಲ ಆಲ್ಬಂ 2012ರಲ್ಲಿ ಬಂತು, ಮತ್ತೆ ಕೇಳು. 2025ರ ಜುಲೈ 5ರಂದು ಆಸ್ಟನ್‌ನ ವಿಲ್ಲಾ ಪಾರ್ಕಿನಲ್ಲಿ ಆ ನಾಲ್ವರೂ ಕೊನೆಯ ಸಲ ಒಟ್ಟಿಗೆ ನುಡಿಸಿದರು. ಅದೇ ತಿಂಗಳು 22ರಂದು ಓಝಿ ತೀರಿಹೋದ. ನೀನು ಆವತ್ತು ಕಳಿಸಿದ ಮೆಸೇಜು ಇನ್ನೂ ನನ್ನ ಫೋನಿನಲ್ಲಿದೆ.

ಈಗ ನಿಮ್ಮ ವಿಷಯ. ನೀನು ಕಳಿಸಿದ ಸ್ಟುಡಿಯೋ ಫೈಲೂ ಕೇಳಿದೆ, ಜಾಮ್ ರೂಮಿನಲ್ಲಿ ಫೋನಿನಲ್ಲಿ ಹಿಡಿದದ್ದನ್ನೂ ಕೇಳಿದೆ. ಫೋನಿನದ್ದರಲ್ಲಿ ಎರಡನೇ ಚರಣ ಶುರುವಾಗುವಾಗ ನಿಮ್ಮ ಡ್ರಮ್ಮರ್ ಸ್ವಲ್ಪ ಹಿಂದೆ ಬೀಳುತ್ತಾನೆ, ಬೇಸ್ ಅವನಿಗಾಗಿ ಕಾಯುತ್ತದೆ. ಸ್ಟುಡಿಯೋ ಫೈಲಿನಲ್ಲಿ ಅದನ್ನು ಎಳೆದು ಕಂಪ್ಯೂಟರಿನ ತಾಳದ ಗೆರೆಗಳಿಗೆ, ಗ್ರಿಡ್ಡಿಗೆ, ಕೂರಿಸಿದ್ದೀರಿ. ಯಾಕೋ? ಹಾಡಿನಲ್ಲಿ ನನಗೆ ಇಷ್ಟವಾದ ಜಾಗವೇ ಅದು. ಎಡಿಟಿಂಗ್ ಒಂದಷ್ಟು ದಿನ ನಿಲ್ಲಿಸಿ, ಎಲ್ಲಿ ಕರೆದರೂ ಹೋಗಿ ನುಡಿಸಿ. ಕಾಲೇಜ್ ಫೆಸ್ಟ್ ಆದರೂ ಸರಿ, ಕೇಳುವವರು ಹತ್ತೇ ಜನ ಆದರೂ ಸರಿ. ಆಮೇಲೆ ನಾಲ್ವರೂ ಒಂದೇ ಕೋಣೆಯಲ್ಲಿ ನಿಂತು, ಕ್ಲಿಕ್ ಇಲ್ಲದೆ ಒಂದು ಟೇಕ್ ಹೊಡೆಯಿರಿ. ಇಂಜಿನಿಯರ್ ಬೈದರೆ ನನ್ನ ನಂಬರ್ ಕೊಡು.

ಇಂತಿ ನಿನ್ನ,
ಹಳೆಯ ಬೇಸಿಸ್ಟ್